ಕಚೇರಿಯಂಗಳದ ಉಕ್ಕಿನ ಗೋಡೆ

ಸರಕಾರಿ ಕಚೇರಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಕುರಿತು ನಾವು ಸಾಕಷ್ಟು ಬರೆದಿದ್ದೇವೆ, ಬೇಕಾದಷ್ಟು ದೂರಿದ್ದೇವೆ. ಕಚೇರಿಯ ಹೊರಗಿನ ಅಂಗಳದ ಬಗ್ಗೆ ಬರೆದವರು ಕಡಿಮೆ. ಲೆಕ್ಕ ಹಾಕಿ ನೋಡಿದರೆ ನಾವು ಒಳಗೆ ಕಳೆಯುವುದು ಐದೋ ಹತ್ತೋ ನಿಮಿಷ; ಉಳಿದ ಹೊತ್ತೆಲ್ಲ ಹೊರಗೇ. ಬೆಳಗ್ಗಿನ ಬಸ್ಸಿನಲ್ಲಿ ಬಂದಿಳಿದು, ಅರ್ಜಿ ಬರೆಯಿಸಿ, ಛಾಯಾಪ್ರತಿ ತೆಗೆಸಿ, ಸಾಹೇಬರು ಸಭೆಯಲ್ಲಿದ್ದಾರೆಂಬ ಮಾತು ಕೇಳಿ ಹೊರಬಂದ ಮೇಲೆ ಉಳಿಯುವುದು ಅಂಗಳವೊಂದೇ. ಕಳೆದ ಬೇಸಗೆಯಲ್ಲಿ ಒಂದು ದೃಢಪತ್ರಕ್ಕಾಗಿ ಅರ್ಧ ದಿನ ಹಾಗೆ ಕಾದಿದ್ದಾಗ ನಾನು ಕಂಡದ್ದು ಇಷ್ಟು: ಅಲ್ಲಿದ್ದುದು ಒಂದೇ ಮರ. ಅದರ ನೆರಳು ಸರಿದಂತೆಲ್ಲ ಜನರೂ ಸರಿಯುತ್ತಿದ್ದರು. ಮಧ್ಯಾಹ್ನ ನೆರಳು ಬುಡಕ್ಕೆ ಬಂದು ನಿಂತಾಗ ಇಪ್ಪತ್ತು ಮಂದಿ ಮರವನ್ನು ಸುತ್ತುವರಿದು, ಪ್ರದಕ್ಷಿಣೆಗೆ ನಿಂತವರಂತೆ, ಮಾತಿಲ್ಲದೆ ನಿಂತಿದ್ದರು. ಅಂಗಳದ ನಡುವೆ ಹೊಸದಾಗಿ ಕಟ್ಟಿದ ಹೂಕುಂಡಗಳ ಸಾಲಿತ್ತು. ಅದರ ಅಂಚು ಚೂಪಾಗಿದ್ದುದರಿಂದ ಅಲ್ಲಿ ಯಾರೂ ಕುಳಿತಿರಲಿಲ್ಲ.

ಆ ಅಂಗಳದಲ್ಲಿ ನಿಂತಿದ್ದಾಗ ನನ್ನ ನೆನಪಿಗೆ ಬಂದದ್ದು ಬಹುದೂರದ ಇನ್ನೊಂದು ಅಂಗಳ. ಅದಕ್ಕಾಗಿ ಎಂಟು ವರ್ಷ ಜಗಳ ನಡೆದಿತ್ತು, ಮೂರು ದಿನ ಬಹಿರಂಗ ವಿಚಾರಣೆಯಾಗಿತ್ತು, ವಿಷಯ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿತ್ತು. ಆಮೇಲೂ ಅದನ್ನು ಎರಡು ಬಾರಿ ಒಡೆದು ಕಟ್ಟಬೇಕಾಯಿತು. ಕಚೇರಿಯ ಮುಂದಿನ ಖಾಲಿ ಜಾಗವೆಂದರೆ ಏನೂ ಇಲ್ಲದ ಜಾಗವೆಂದು ತಿಳಿದವರು ಅದರ ಕತೆಯನ್ನೊಮ್ಮೆ ಕೇಳಬೇಕು.

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ ನ್ಯಾಯಾಲಯಗಳೂ ಆಡಳಿತ ಕಚೇರಿಗಳೂ ಒತ್ತಾಗಿ ನಿಂತಿರುವ ಪ್ರದೇಶವೊಂದಿದೆ. ಅಲ್ಲಿ 1960ರ ದಶಕದಲ್ಲಿ ಎದ್ದ 41 ಅಂತಸ್ತುಗಳ ಕೇಂದ್ರ ಸರಕಾರಿ ಕಟ್ಟಡಕ್ಕೆ ಜೇಕಬ್ ಜಾವಿಟ್ಸ್ ಎಂಬ ಸೆನೆಟರರ ಹೆಸರಿಟ್ಟಿದ್ದಾರೆ. ಜನ ಅದನ್ನು ವಿಳಾಸದಿಂದಲೇ, 26 ಫೆಡರಲ್ ಪ್ಲಾಝಾ ಎಂದೇ ಕರೆಯುತ್ತಾರೆ. ಸಾವಿರಾರು ನೌಕರರು ದುಡಿಯುವ ಕಟ್ಟಡ ಅದು. ವಲಸೆ ಬಂದವರ ಕಾಗದಪತ್ರಗಳ ಇಲಾಖೆಯೂ ಅಲ್ಲೇ ಇರುವುದರಿಂದ, ಲೋಕದ ಎಲ್ಲ ಮೂಲೆಗಳ ಜನ ನಸುಕಿನಲ್ಲೇ ಬಂದು ಸಾಲು ನಿಲ್ಲುವುದು ಅದರ ಬಾಗಿಲಲ್ಲಿ. ನ್ಯೂಯಾರ್ಕಿನ ಸುತ್ತ ನೆಲೆಸಿದ ಕನ್ನಡಿಗರಲ್ಲಿಯೂ ಹಲವರು ಒಂದಲ್ಲ ಒಂದು ದಿನ ಆ ಸಾಲಿನಲ್ಲಿ ನಿಂತಿರಲೇಬೇಕು. ಕಟ್ಟಡದ ಮುಂದೆ ಕಲ್ಲು ಹಾಸಿದ ಬಯಲು, ಒಂದು ಕಾರಂಜಿ, ನೆಲದಡಿಯಲ್ಲಿ ವಾಹನ ನಿಲುಗಡೆಯ ಕೊಟ್ಟಿಗೆ. ಈ ಕೊಟ್ಟಿಗೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕತೆಯಲ್ಲಿ ಅದು ಮತ್ತೆ ಬರುತ್ತದೆ.

ಅಮೆರಿಕದ ಸರಕಾರಿ ಕಟ್ಟಡಗಳನ್ನು ಕಟ್ಟಿ ನೋಡಿಕೊಳ್ಳುವ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆಯಲ್ಲಿ ಒಳ್ಳೆಯದೊಂದು ಪದ್ಧತಿಯಿದೆ. ಕಟ್ಟಡದ ವೆಚ್ಚದ ಶೇಕಡಾ ಅರ್ಧದಷ್ಟನ್ನು ಕಲಾಕೃತಿಗೆ ತೆಗೆದಿಡುವುದು. ಈ ಪದ್ಧತಿಯಂತೆ 1979ರಲ್ಲಿ ರಿಚರ್ಡ್ ಸೆರಾ ಎಂಬ ಶಿಲ್ಪಿಯನ್ನು ಆರಿಸಲಾಯಿತು. ಸೆರಾ ಆಗಲೇ ಹೆಸರು ಮಾಡಿದವರು. ತಂದೆ ಹಡಗುಕಟ್ಟೆಯಲ್ಲಿ ದುಡಿದವರು. ಮಗನೂ ಓದಿನ ಖರ್ಚಿಗಾಗಿ ಉಕ್ಕಿನ ಕಾರ್ಖಾನೆಗಳಲ್ಲಿ ಬೆವರು ಹರಿಸಿದವರು. ಕಲ್ಲನ್ನು ಕೆತ್ತಿ ಮೂರ್ತಿ ಮಾಡುವ ದಾರಿ ಅವರದಲ್ಲ. ಭಾರೀ ಉಕ್ಕಿನ ಫಲಕಗಳನ್ನು ನಿಲ್ಲಿಸಿ, ಅವುಗಳ ಸುತ್ತ ನಡೆಯುವವನಿಗೆ ತನ್ನ ಮೈಯ ಅರಿವು, ತನ್ನ ನಡಿಗೆಯ ಅರಿವು ಬರುವಂತೆ ಮಾಡುವುದು ಅವರ ಕೆಲಸ.

1981ರಲ್ಲಿ ಅವರು ಆ ಬಯಲಿನಲ್ಲಿ ನಿಲ್ಲಿಸಿದ ಕೃತಿಯ ಹೆಸರು 'ಟಿಲ್ಟೆಡ್ ಆರ್ಕ್', ಎಂದರೆ ವಾಲಿದ ಕಮಾನು. 120 ಅಡಿ ಉದ್ದ, 12 ಅಡಿ ಎತ್ತರ, ಎರಡೂವರೆ ಅಂಗುಲ ದಪ್ಪದ ಉಕ್ಕಿನ ಗೋಡೆ. ಬಿಲ್ಲಿನಂತೆ ಬಾಗಿ, ತುಸು ಒಂದು ಕಡೆಗೆ ವಾಲಿ ನಿಂತದ್ದು. ವೆಚ್ಚ 1,75,000 ಡಾಲರ್. ಬಳಸಿದ್ದು ಕಾರ್ಟೆನ್ ಎಂಬ ಜಾತಿಯ ಉಕ್ಕು. ಅದು ಮಳೆಗಾಳಿಗೆ ತೆರೆದುಕೊಂಡಾಗ ಮೇಲೊಂದು ಕಂದುಬಣ್ಣದ ತುಕ್ಕಿನ ಪದರ ಕಟ್ಟಿಕೊಳ್ಳುತ್ತದೆ. ಆ ಪದರವೇ ಒಳಗಿನ ಲೋಹವನ್ನು ಕಾಯುತ್ತದೆ. ಶಿಲ್ಪಿಗೆ ಅದು ವಸ್ತುವಿನ ಸಹಜ ಬಣ್ಣ. ಮೇಲಿನ ಅಂತಸ್ತುಗಳ ಕಿಟಕಿಯಿಂದ ನೋಡಿದ ಗುಮಾಸ್ತರಿಗೆ ಅದು ತುಕ್ಕು, ಅಷ್ಟೇ.

ದೂರುಗಳು ಬೇಗನೆ ಬಂದವು. ಬೀದಿಯಿಂದ ಬಾಗಿಲಿಗೆ ನೇರ ಬರುತ್ತಿದ್ದವರು ಈಗ ಬಳಸಿ ಬರಬೇಕು. ಬಿಸಿಲಿನ ದಿನ ಊಟದ ಡಬ್ಬಿ ಹಿಡಿದು ಬಂದವರಿಗೆ ಬಯಲು ಎರಡು ಪಾಲಾಗಿ ಕಂಡಿತು. ಹತ್ತಿರದ ಅಂತಾರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಎಡ್ವರ್ಡ್ ರೇ ಅವರು ಗೋಡೆಯನ್ನು ತೆಗೆಸುವಂತೆ ಸರಕಾರಕ್ಕೆ ಬರೆದರು. ಮನವಿಗೆ ಸುಮಾರು 1,300 ನೌಕರರ ಸಹಿಗಳು ಬಿದ್ದವು. ಗೋಡೆಯ ಹಿಂದೆ ಮೂತ್ರ ಮಾಡುತ್ತಾರೆ, ಅದರ ಮೇಲೆ ಗೀಚುತ್ತಾರೆ, ಇಲಿಗಳು ಸೇರುತ್ತವೆ ಎಂಬ ಮಾತುಗಳೂ ಹುಟ್ಟಿದವು. ಕಾವಲಿನ ಹೊಣೆ ಹೊತ್ತವರ ಕಡೆಯಿಂದ ಬಂದ ವಾದವಂತೂ ಇನ್ನೂ ವಿಚಿತ್ರ: ಅಲ್ಲಿ ಬಾಂಬು ಸಿಡಿದರೆ ಬಾಗಿದ ಗೋಡೆ ಸ್ಫೋಟದ ರಭಸವನ್ನು ಕಟ್ಟಡದ ಕಡೆಗೆ ತಿರುಗಿಸೀತು. ಜನ ಒಂದನ್ನು ಬೇಡವೆಂದ ಮೇಲೆ ಕಾರಣಗಳಿಗೆ ಬರವಿರುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬಳಸಿ ನಡೆಯಬೇಕಾಯಿತು ಎಂಬ ದೂರನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಹಾಗೆಂದು ಅದನ್ನು ಪೂರ್ತಿ ಒಪ್ಪಲೂ ಆರೆ. ನಮ್ಮ ಕಡೆಯ ತೋಟದ ಮನೆಗಳಲ್ಲಿ ತುಲಾಮಾಸ ಕಳೆದರೆ ಅಂಗಳದ ತುಂಬ ಅಡಿಕೆ ಹರಡಿರುತ್ತಾರೆ. ಮನೆಗೆ ಬಂದವನು ಅಂಚಿನಲ್ಲಿ ಕಾಲಿಟ್ಟು, ಬಳಸಿ, ಜಗಲಿ ಸೇರುತ್ತಾನೆ. ಯಾರೂ ಗೊಣಗುವುದಿಲ್ಲ. ಅದು ಆ ಮನೆಯ ಅನ್ನವೆಂದು ಎಲ್ಲರಿಗೂ ಗೊತ್ತು. ಅದೇ ಅಂಗಳದಲ್ಲಿ ಮತ್ತೊಂದು ದಿನ ಮದುವೆಯ ಚಪ್ಪರ ಏಳುತ್ತದೆ, ಇನ್ನೊಂದು ರಾತ್ರಿ ತಾಳಮದ್ದಳೆ ನಡೆಯುತ್ತದೆ. ಅಂಗಳಕ್ಕೆ ಗೊತ್ತುಮಾಡಿದ ಒಂದು ಕೆಲಸವಿಲ್ಲ; ಆದುದರಿಂದಲೇ ಅದು ಎಲ್ಲ ಕೆಲಸಕ್ಕೂ ಆಗಿಬರುತ್ತದೆ. ಹಾಗಾಗಿ ಫೆಡರಲ್ ಪ್ಲಾಝಾದಲ್ಲಿ ಕೆರಳಿದ್ದು ಬಳಸುದಾರಿಯಲ್ಲ ಎಂದೇ ನನ್ನ ಎಣಿಕೆ. ತಾವು ದಿನವೂ ತುಳಿಯುವ ನೆಲದಲ್ಲಿ, ತಮ್ಮಲ್ಲಿ ಒಂದು ಮಾತೂ ಕೇಳದೆ, ಕದಲಿಸಲಾಗದ ವಸ್ತುವೊಂದನ್ನು ಇಟ್ಟು ಹೋದರಲ್ಲ ಎಂಬುದು ಅವರ ಮನಸ್ಸಿಗೆ ನಾಟಿತ್ತು. ಆರಿಸಿದ್ದು ಕಲಾತಜ್ಞರ ಸಮಿತಿ, ಒಪ್ಪಿದ್ದು ಇಲಾಖೆ. ನೌಕರರಿಗೆ ವಿಷಯ ತಿಳಿದದ್ದು ಕ್ರೇನು ಬಂದಾಗ.

1984ರಲ್ಲಿ ಇಲಾಖೆಯ ಪ್ರಾದೇಶಿಕ ಮುಖ್ಯಸ್ಥರಾಗಿ ಬಂದ ವಿಲಿಯಂ ಡೈಮಂಡ್ ಈ ಅಸಮಾಧಾನಕ್ಕೆ ದನಿಯಾದರು. 1985ರ ಮಾರ್ಚ್‌ನಲ್ಲಿ ಮೂರು ದಿನ ಬಹಿರಂಗ ವಿಚಾರಣೆ ಏರ್ಪಟ್ಟಿತು. ಮಾತನಾಡಿದವರು 180 ಮಂದಿ. ಅವರಲ್ಲಿ 122 ಮಂದಿ ಕೃತಿ ಉಳಿಯಲಿ ಎಂದರು, 58 ಮಂದಿ ತೆಗೆಯಿರಿ ಎಂದರು. ಉಳಿಸಬೇಕೆಂದವರಲ್ಲಿ ಸಂಗೀತಗಾರ ಫಿಲಿಪ್ ಗ್ಲಾಸ್, ಚಿತ್ರಕಾರ ಕೀತ್ ಹೇರಿಂಗ್, ಶಿಲ್ಪಿ ಕ್ಲೇಸ್ ಓಲ್ಡೆನ್‌ಬರ್ಗ್ ಮೊದಲಾದ ಹೆಸರಾಂತರಿದ್ದರು. ಸೆರಾ ಅವರ ವಾದ ಸರಳವಾಗಿತ್ತು. ಈ ಕೃತಿ ಈ ಜಾಗಕ್ಕೆಂದೇ, ಈ ಜಾಗದ ಅಳತೆಗೆ, ಈ ಜನರ ನಡಿಗೆಗೆ ಹುಟ್ಟಿದ್ದು. ಇದನ್ನು ಬೇರೆಡೆಗೆ ಒಯ್ಯುವುದೂ ನಾಶಮಾಡುವುದೂ ಒಂದೇ. ಎದುರು ಪಕ್ಷದ ನೌಕರರು ಕಲೆಯ ಬಗ್ಗೆ ಮಾತನಾಡಲೇ ಇಲ್ಲವೆನ್ನಬೇಕು. ಕಿಟಕಿಗಳು ತೆರೆಯದ ಕಟ್ಟಡದಲ್ಲಿ ದಿನವಿಡೀ ಕುಳಿತವರಿಗೆ ಮಧ್ಯಾಹ್ನದ ಅರ್ಧ ಗಂಟೆಗೆ ಒಂದಿಷ್ಟು ತೆರವು ಬೇಕು. ಅವರು ಕೇಳಿದ್ದು ಅದನ್ನು.

ತೀರ್ಪು ಕೊಟ್ಟದ್ದು ಐದು ಮಂದಿಯ ಮಂಡಳಿ. ಅದನ್ನು ನೇಮಿಸಿದವರೂ ಅದರ ಅಧ್ಯಕ್ಷತೆ ವಹಿಸಿದವರೂ ಡೈಮಂಡ್ ಅವರೇ. ವಿಚಾರಣೆಗೆ ಮುನ್ನವೇ ತಮ್ಮ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳಿದ್ದವರು ಅವರು. ನಾಲ್ಕು ಮತ ತೆಗೆಯಬೇಕೆಂಬುದಕ್ಕೆ, ಒಂದು ಉಳಿಯಲಿ ಎಂಬುದಕ್ಕೆ. ಮಾತನಾಡಿದವರ ಎಣಿಕೆಯಂತೆ ನಡೆದಿದ್ದರೆ ಗೋಡೆ ಉಳಿಯಬೇಕಿತ್ತು, ಸಹಿಗಳ ಎಣಿಕೆಯಂತೆ ನಡೆದಿದ್ದರೆ ಹೋಗಬೇಕಿತ್ತು. ನಡೆದದ್ದು ಎರಡೂ ಅಲ್ಲ. ನೌಕರರ ಬೇಡಿಕೆಯಲ್ಲಿ ನ್ಯಾಯವಿತ್ತೆಂದು ಒಪ್ಪುವ ನನಗೂ ಆ ಮಂಡಳಿಯ ರಚನೆಯನ್ನು ನ್ಯಾಯವೆನ್ನಲು ಮನಸ್ಸು ಬರುವುದಿಲ್ಲ.

ಈ ಎಲ್ಲ ಲೆಕ್ಕದಲ್ಲಿ ಇನ್ನೊಂದು ಕೊರತೆಯಿದೆ. ಕಲಾವಿದರು ಒಂದು ಪಕ್ಷ, ನೌಕರರು ಇನ್ನೊಂದು ಪಕ್ಷ. ವಾದ ಬೆಳೆದದ್ದು ಈ ಎರಡು ಪಕ್ಷಗಳ ನಡುವೆ. ಬಾಗಿಲಲ್ಲಿ ಸಾಲು ನಿಂತವರ ಮಾತೇನು? ಕಾಗದಗಳ ಕಟ್ಟನ್ನು ಎದೆಗವಚಿಕೊಂಡು, ಬಂದ ದೇಶದ ಭಾಷೆ ಬಾಯಿಗೆ ಬಾರದೆ, ಕೂಸನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತ ನಿಂತವರಿಗೆ ಆ ಅಂಗಳ ಬೇಕಾದಷ್ಟು ಮತ್ತಾರಿಗೂ ಬೇಡ. ವಿಚಾರಣೆಯ ಸಭಾಂಗಣದಲ್ಲಿ ಹೆಸರು ಬರೆಸಿ ಮಾತನಾಡುವವರು ಅವರಲ್ಲ. ಅಂದಿನ ಕೆಲಸ ಮುಗಿಸಿ ಹೋದವನು ಮತ್ತೆ ಆ ಅಂಗಳಕ್ಕೆ ಬರುವುದನ್ನು ಬಯಸುವುದಿಲ್ಲ. ಗಡಿಯ ಈಚೆ ಉಳಿದು, ನಮ್ಮ ಅರ್ಜಿಯನ್ನು ನಮ್ಮ ನುಡಿಯಲ್ಲಿ ಕೊಡಲು ದಶಕಗಳಿಂದ ಹೆಣಗುತ್ತಿರುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೆರಾ ಸುಮ್ಮನಿರಲಿಲ್ಲ. 3 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದರು. ವಾಕ್‌ಸ್ವಾತಂತ್ರ್ಯದ ಪ್ರಶ್ನೆ ಎತ್ತಿದರು. ನ್ಯಾಯಾಲಯ ಒಪ್ಪಲಿಲ್ಲ. ಕೃತಿಯನ್ನು ಸರಕಾರ ಹಣ ಕೊಟ್ಟು ಕೊಂಡಿದೆ, ಸರಕಾರದ ಸೊತ್ತನ್ನು ಸರಕಾರ ತೆಗೆಯಬಹುದು ಎಂಬ ನೆಲೆಯಲ್ಲಿ 1988ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರಿಗೆ ವಿರುದ್ಧವಾಗಿ ತೀರ್ಪಿತ್ತಿತು. 1989ರ ಮಾರ್ಚ್ 15ರ ರಾತ್ರಿ ಕೆಲಸಗಾರರು ಬಂದು ಗೋಡೆಯನ್ನು ಮೂರು ತುಂಡು ಮಾಡಿ ಸಾಗಿಸಿದರು. ಹಗಲಿನ ಸರಕಾರಿ ತೀರ್ಮಾನವನ್ನು ರಾತ್ರಿಯಲ್ಲಿ ಜಾರಿಗೊಳಿಸುವ ರೂಢಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಮರುವರ್ಷ, 1990ರಲ್ಲಿ, ದೃಶ್ಯಕಲಾವಿದರ ಹಕ್ಕುಗಳನ್ನು ಕಾಯುವ ಕಾನೂನೊಂದು ಅಮೆರಿಕದಲ್ಲಿ ಬಂದಿತು.

ಗೋಡೆ ಹೋದ ಮೇಲೆ ಅಂಗಳಕ್ಕೆ ಒಂದಿಷ್ಟು ಬೆಂಚು, ಗಿಡದ ತೊಟ್ಟಿಗಳು ಬಂದವು. ಎಂಟು ವರ್ಷಗಳ ಕಾದಾಟದ ಫಲ ಅದು. ಯಾವ ಬ್ಯಾಂಕಿನ ಮುಂದೆಯೂ ಕಾಣಬಹುದಾದ ನೋಟ. ಅಷ್ಟರಲ್ಲಿ ಕೊಟ್ಟಿಗೆ ತನ್ನ ಪಾತ್ರ ವಹಿಸಿತು. ಅಂಗಳವೆಂದರೆ ನೆಲಮಾಳಿಗೆಯ ಮಾಡು ತಾನೆ? ಆ ಮಾಡಿನ ನೀರುತಡೆ ಕೆಟ್ಟಿತ್ತು. ಸರಿಪಡಿಸಲು ಮೇಲಿನ ಹಾಸುಗಲ್ಲುಗಳನ್ನೆಲ್ಲ ಕೀಳಬೇಕಾಯಿತು. ಹೇಗೂ ಕಿತ್ತದ್ದಾಯಿತು, ಹೊಸದಾಗಿ ಮಾಡಿಬಿಡೋಣ ಎಂದು ಭೂದೃಶ್ಯ ವಿನ್ಯಾಸಕಿ ಮಾರ್ತಾ ಶ್ವಾರ್ಟ್ಸ್ ಅವರನ್ನು ಕರೆದರು. ತತ್ತ್ವಗಳು ತೀರ್ಮಾನಿಸದೆ ಬಿಟ್ಟದ್ದನ್ನು ಸೋರುವ ಮಾಡು ತೀರ್ಮಾನಿಸಿತು.

ಶ್ವಾರ್ಟ್ಸ್ ಮಾಡಿದ್ದು ಚೇಷ್ಟೆಯೂ ಜಾಣತನವೂ ಸೇರಿದ ಕೆಲಸ. ನ್ಯೂಯಾರ್ಕಿನ ಉದ್ಯಾನಗಳಲ್ಲಿ ಎಲ್ಲೆಲ್ಲೂ ಇರುವ ಮರದ ಪಟ್ಟಿಯ ಹಳೆಯ ಮಾದರಿ ಬೆಂಚನ್ನೇ ತೆಗೆದುಕೊಂಡು, ಬೆನ್ನಿಗೆ ಬೆನ್ನು ಜೋಡಿಸಿ, ಕಣ್ಣು ಕುಕ್ಕುವ ಹಸುರು ಬಣ್ಣ ಬಳಿದು, ಅಂಗಳದ ಉದ್ದಕ್ಕೂ ಹಾವಿನಂತೆ ಸುತ್ತಿಸಿದರು. ಸುರುಳಿಯ ಒಳಬಾಗಿನಲ್ಲಿ ಕುಳಿತವರು ಎದುರುಬದುರಾಗಿ ಹರಟಬಹುದು; ಹೊರಬಾಗಿನಲ್ಲಿ ಕುಳಿತವನು ಒಬ್ಬನೇ ಬುತ್ತಿ ಬಿಚ್ಚಬಹುದು. ನಡುನಡುವೆ ಹುಲ್ಲು ಹೊದಿಸಿದ ದುಂಡನೆಯ ದಿಬ್ಬಗಳು, ಸೆಕೆಯ ದಿನಗಳಲ್ಲಿ ಅವುಗಳಿಂದ ಏಳುವ ನೀರಿನ ಮಂಜು. ಮೊದಲು ಒಂದು ಗೋಡೆ ಬಾಗಿ ನಿಂತಿದ್ದ ನೆಲದಲ್ಲಿಯೇ ಈಗ ಕುಳಿತುಕೊಳ್ಳುವ ಬೆಂಚುಗಳು ಬಾಗಿ ಬಾಗಿ ಹರಿದವು. ಹಿಂದಿನ ಜಗಳಕ್ಕೆ ಇದೇ ಉತ್ತರವೆಂದು ಹಲವರು ಓದಿಕೊಂಡರು. 1990ರ ದಶಕದ ನಡುವಿನಲ್ಲಿ ಅದು ತೆರೆದಾಗ ವಿನ್ಯಾಸಕಾರರ ವಲಯದಲ್ಲಿ ಮೆಚ್ಚುಗೆ ಬಂತು, ಪ್ರಶಸ್ತಿಯೂ ಬಂತು.

ಕೊರತೆ ಇದ್ದದ್ದು ನೆರಳಿನಲ್ಲಿ. ಕೆಳಗಿನ ಮಾಡು ಹೊರುವ ಭಾರಕ್ಕೆ ಮಿತಿಯಿದ್ದುದರಿಂದ ಆಳವಾಗಿ ಮಣ್ಣು ತುಂಬಿ ಮರ ಬೆಳೆಸುವುದಕ್ಕೆ ಆಸ್ಪದವಿರಲಿಲ್ಲ. ಚಂದದ ಬೆಂಚು, ಮೇಲೆ ಉರಿಬಿಸಿಲು. ನ್ಯೂಯಾರ್ಕಿನವನೇ ಆದ ವಿಲಿಯಂ ವೈಟ್ ಎಂಬ ಸಮಾಜವೀಕ್ಷಕ ಇಂಥ ಬಯಲುಗಳನ್ನು ವರ್ಷಗಟ್ಟಲೆ ಕ್ಯಾಮೆರಾ ಇಟ್ಟು ನೋಡಿ 1980ರಲ್ಲಿ ಒಂದು ಪುಸ್ತಕ ಪ್ರಕಟಿಸಿದ್ದರು. ಬಿಸಿಲು, ಮರ, ನೀರು, ಕೈಗೆಟುಕುವ ತಿಂಡಿ ಇವೆಲ್ಲ ಮುಖ್ಯವೇ. ಆದರೆ ಎಲ್ಲಕ್ಕಿಂತ ಮೊದಲಿನದು ಕುಳಿತುಕೊಳ್ಳುವ ಜಾಗ ಎಂಬುದು ಅವರು ಕಂಡುಕೊಂಡದ್ದು. ಅಳತೆ, ಆಕಾರ, ಶಿಲ್ಪಿಯ ಹೆಸರು ಯಾವುದೂ ಜನರನ್ನು ಅಷ್ಟಾಗಿ ಸೆಳೆಯುವುದಿಲ್ಲ; ಕೂರುವ ಜಾಗವಿದ್ದಲ್ಲಿ ಜನ ಕೂರುತ್ತಾರೆ. ಅಶ್ವತ್ಥದ ಬುಡಕ್ಕೆ ಕಟ್ಟೆ ಕಟ್ಟಿಸಿದ ನಮ್ಮ ಹಿರಿಯರಿಗೆ ಕ್ಯಾಮೆರಾ ಬೇಕಾಗಿರಲಿಲ್ಲವೆಂಬುದು ಬೇರೆ ಮಾತು.

ಶ್ವಾರ್ಟ್ಸರ ಹಸುರು ಬೆಂಚುಗಳಿಗೂ ಆಯುಷ್ಯ ಹೆಚ್ಚಿರಲಿಲ್ಲ. ಮಾಡು ಮತ್ತೆ ದುರಸ್ತಿ ಬೇಡಿತು. 2010ರ ದಶಕದ ಆರಂಭದಲ್ಲಿ ಅವೂ ಹೋಗಿ, ಮೈಕೆಲ್ ವ್ಯಾನ್ ವಾಲ್ಕೆನ್‌ಬರ್ಗ್ ಅವರ ವಿನ್ಯಾಸದಂತೆ ಅಂಗಳ ಮೂರನೆಯ ರೂಪ ತಾಳಿತು. ಈ ಬಾರಿ ಕಲ್ಲಿನ ಆಸನಗಳ ಜೊತೆಗೆ ಗಿಡಮರಗಳೂ ಬಂದವು. ಜಗಳವಿಲ್ಲದೆ ಬಂದದ್ದರಿಂದ ಅದರ ಬಗ್ಗೆ ಬರೆದವರೂ ಕಡಿಮೆ.

ಅಂಗಳದ ಮಾತು ಇಲ್ಲಿಗೆ ಮುಗಿಯುವಂತಿದ್ದರೆ ನಾನು ಈ ಲೇಖನ ಬರೆಯುತ್ತಿದ್ದೆನೋ ಇಲ್ಲವೋ. ಅಲ್ಲಿಂದ ಕೂಗಳತೆಯ ದೂರದಲ್ಲಿ, ಅದೇ ಇಲಾಖೆ, ಗೋಡೆ ತೆಗೆಸಿದ ಎರಡೇ ವರ್ಷಗಳ ಬಳಿಕ, ಇನ್ನೊಂದು ಕಚೇರಿಗೆ ಅಡಿಪಾಯ ತೋಡಿಸುತ್ತಿತ್ತು. 1991ರ ಮಾತು. 34 ಅಂತಸ್ತುಗಳ ಕಟ್ಟಡ, ಪಕ್ಕದಲ್ಲಿ ಒಂದು ಚಿಕ್ಕ ಮಂಟಪ ಎಂದು ನಕ್ಷೆಯಾಗಿತ್ತು. ನೆಲ ಅಗೆದಂತೆ ಎಲುಬುಗಳು ಸಿಕ್ಕತೊಡಗಿದವು. ಹಳೆಯ ಭೂಪಟಗಳಲ್ಲಿ ನೀಗ್ರೋಗಳ ಸ್ಮಶಾನವೆಂದು ಗುರುತು ಹಾಕಿದ್ದ ಜಾಗ ಅದು. ಆಫ್ರಿಕದಿಂದ ಹಿಡಿದು ತಂದ ಗುಲಾಮರನ್ನೂ ಬಿಡುಗಡೆ ಪಡೆದ ಕರಿಯರನ್ನೂ ನಗರದ ಎಲ್ಲೆಯ ಹೊರಗೆ, ಹದಿನೇಳನೆಯ ಶತಮಾನದ ಕೊನೆಯಿಂದ 1794ರ ತನಕ, ಅಲ್ಲಿ ಹೂಳುತ್ತಿದ್ದರು. ಅಲ್ಲಿ ಮಣ್ಣಾದವರು ಸುಮಾರು 15,000 ಮಂದಿ ಎಂದು ಅಂದಾಜು. ಇಲಾಖೆ ಎಲುಬುಗಳನ್ನು ಎತ್ತಿಸುತ್ತ ಕಟ್ಟಡದ ಕೆಲಸವನ್ನು ಮುಂದುವರಿಸಿತು.

ಆಗ ಎದ್ದವರು ನಗರದ ಆಫ್ರಿಕನ್-ಅಮೆರಿಕನ್ನರು. ಇವರನ್ನೂ ಯಾರೂ ಕೇಳಿರಲಿಲ್ಲ. 1992ರಲ್ಲಿ ಪ್ರತಿಭಟನೆಗಳಾದವು, ಜಾಗರಣೆಗಳಾದವು, ವಿಷಯ ಸಂಸತ್ತನ್ನು ಮುಟ್ಟಿತು. ಮಂಟಪ ಕಟ್ಟಬೇಕಾಗಿದ್ದ ಭಾಗದಲ್ಲಿ ಅಗೆತ ನಿಂತಿತು. ಮೇಲೆ ಎತ್ತಿದ್ದ 419 ಮಂದಿಯ ಅವಶೇಷಗಳನ್ನು ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಬ್ಲೇಕಿ ಎಂಬ ವಿದ್ವಾಂಸರ ನೇತೃತ್ವದಲ್ಲಿ ಅಭ್ಯಸಿಸಿದರು. ಅದರಿಂದ ತಿಳಿದುಬಂದದ್ದು ಓದಲು ಕಷ್ಟ: ಸತ್ತವರಲ್ಲಿ ಮಕ್ಕಳು ಬಹಳ, ದೊಡ್ಡವರ ಎಲುಬುಗಳಲ್ಲಿ ಮೀರಿ ಹೊತ್ತ ಭಾರದ ಗುರುತುಗಳು. 2003ರ ಅಕ್ಟೋಬರಿನಲ್ಲಿ ಘಾನಾ ದೇಶದಲ್ಲಿ ಕೆತ್ತಿದ ಮರದ ಪೆಟ್ಟಿಗೆಗಳಲ್ಲಿಟ್ಟು ಅವರನ್ನು ಅದೇ ನೆಲಕ್ಕೆ ಮರಳಿಸಿದರು. ಕಟ್ಟಡವೇನೋ ಎದ್ದಿತು. ಆದರೆ ಅದರ ಮಗ್ಗುಲಿನ ಜಾಗ 2006ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಮರುವರ್ಷ ರಾಡ್ನಿ ಲಿಯಾನ್ ವಿನ್ಯಾಸಗೊಳಿಸಿದ ಕಪ್ಪುಕಲ್ಲಿನ ಸ್ಮಾರಕ ಅಲ್ಲಿ ತೆರೆಯಿತು. ಬದಿಯಲ್ಲಿ ಹುಲ್ಲು ಬೆಳೆದ ಏಳು ದಿಬ್ಬಗಳಿವೆ. ಅವುಗಳಡಿಯಲ್ಲಿ ಆ ಪೆಟ್ಟಿಗೆಗಳಿವೆ.

ಶ್ವಾರ್ಟ್ಸರ ಹುಲ್ಲಿನ ದಿಬ್ಬಗಳು ಕಿತ್ತುಹೋದವು. ಈ ಏಳು ದಿಬ್ಬಗಳನ್ನು ಮುಟ್ಟುವ ಧೈರ್ಯ ಯಾವ ಇಲಾಖೆಗೂ ಬರಲಾರದು. ಎರಡರ ನಡುವೆ ಇರುವುದು ಒಂದೆರಡು ಬೀದಿಗಳ ದೂರ.

ಅಂಗಳ ಯಾವುದಕ್ಕೆ ಬೇಕೆಂಬ ಪ್ರಶ್ನೆಯನ್ನು ಕೆಲವೊಮ್ಮೆ ಜನರೇ ಬಿಡಿಸುತ್ತಾರೆ. 2019ರ ಜನವರಿಯ ಕೊನೆಯಲ್ಲಿ ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಸಂತ್ರಸ್ತ ಮಕ್ಕಳ ತಾಯಂದಿರು ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟಿನ ಮುಂದೆ ಉಪವಾಸ ಕುಳಿತರು. ಕುಳಿತದ್ದು ಗೇಟಿನ ಹೊರಗೆ, ಕಾಲುದಾರಿಯ ಮೇಲೆ, ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು. ಆ ಕಾಲುದಾರಿಯನ್ನು ವಿನ್ಯಾಸಗೊಳಿಸಿದವನ ಮನಸ್ಸಿನಲ್ಲಿ ಆ ತಾಯಂದಿರು ಇದ್ದಿರಲಾರರು. ಸರಕಾರ ಮಾತುಕತೆಗೆ ಬಂದದ್ದಂತೂ ಅವರು ಅಲ್ಲಿ ಕುಳಿತ ಮೇಲೆ.

26 ಫೆಡರಲ್ ಪ್ಲಾಝಾದ ಹೆಸರು 2025ರಲ್ಲಿ ಮತ್ತೆ ಪತ್ರಿಕೆಗಳಲ್ಲಿ ಬರತೊಡಗಿತು. ಈ ಬಾರಿ ಶಿಲ್ಪಕ್ಕಾಗಿ ಅಲ್ಲ. ವಲಸೆ ನ್ಯಾಯಾಲಯದ ಕರೆಯಂತೆ ವಿಚಾರಣೆಗೆ ಬಂದವರನ್ನು ಅದೇ ಕಟ್ಟಡದ ಮೊಗಸಾಲೆಗಳಲ್ಲಿ ಅಧಿಕಾರಿಗಳು ಹಿಡಿದೊಯ್ಯತೊಡಗಿದಾಗ, ಹೊರಗೆ ಜನ ಸೇರಿದರು. ಜೂನ್ ತಿಂಗಳಲ್ಲಿ, ಹಾಗೆ ಹಿಡಿಯಲ್ಪಟ್ಟವನೊಬ್ಬನ ಜೊತೆ ನಡೆಯುತ್ತಿದ್ದ ನಗರದ ಲೆಕ್ಕಾಧಿಕಾರಿ ಬ್ರಾಡ್ ಲ್ಯಾಂಡರ್ ಅವರನ್ನೂ ಬಂಧಿಸಿದರು. ಬೆಳಗ್ಗಿನ ಸಾಲು ಎಂದಿನಂತೆ ನಿಲ್ಲುತ್ತಿತ್ತು. ಸಾಲಿನಲ್ಲಿದ್ದವರಿಗೆ ಈಗ ಒಳಗೆ ಹೋಗುವ ಭಯ ಒಂದು, ಹೋಗದೆ ಇದ್ದರೆ ಆಗುವುದರ ಭಯ ಇನ್ನೊಂದು.

ರಿಚರ್ಡ್ ಸೆರಾ 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಗೋಡೆಯ ಮೂರು ಫಲಕಗಳು ಸರಕಾರಿ ಉಗ್ರಾಣ ಸೇರಿದ್ದವು. ಬೇರೆ ಯಾವ ಜಾಗದಲ್ಲಿಯೂ ಅವನ್ನು ನಿಲ್ಲಿಸಕೂಡದೆಂಬುದು ಅವರ ಇಚ್ಛೆಯಾಗಿತ್ತು.